ಅಭಾವವೂ ಪ್ರತಿನಿಧಿಯೂ: ಥೈರಾಕ್ಸಿನ್ ಔಷಧದ ಚರಿತ್ರೆ

೧

ಮೀಮಾಂಸಾಶಾಸ್ತ್ರದಲ್ಲಿ ಪ್ರತಿನಿಧಿವಿಚಾರವೆಂಬುದೊಂದು ಉಂಟು. ನಿತ್ಯಕರ್ಮವನ್ನು ಮಾಡತಕ್ಕವನಿಗೆ ವಿಹಿತವಾದ ವ್ರೀಹಿಧಾನ್ಯವು ದೊರೆಯದೆ ಹೋದರೆ ಕರ್ಮವನ್ನೇ ಬಿಟ್ಟುಬಿಡಬೇಕೆ, ಅಥವಾ ವ್ರೀಹಿಯನ್ನು ಹೋಲುವ ನೀವಾರವನ್ನು ತಂದು ಅದನ್ನು ನೆರವೇರಿಸಬಹುದೆ ಎಂಬ ಪ್ರಶ್ನೆಯು ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಸ್ತಾರವಾಗಿ ಚರ್ಚಿತವಾಗಿದೆ. ನೆರವೇರಿಸಬಹುದು ಎಂಬುದೇ ಸಿದ್ಧಾಂತ. ಆದರೆ ಆಚಾರ್ಯರು ಅಲ್ಲಿಯೇ ಒಂದು ಎಲ್ಲೆಯನ್ನೂ ಹಾಕಿದ್ದಾರೆ. ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆಗೂ ಮಂತ್ರಕ್ಕೂ ಕ್ರಿಯೆಗೂ ಪ್ರತಿನಿಧಿಯಿಲ್ಲ. ಆಯುರ್ವೇದದವರಿಗೂ ಈ ವಿಷಯವು ಹೊಸದಲ್ಲ. ಒಂದು ಮೂಲಿಕೆ ಸಿಕ್ಕದಿದ್ದರೆ ಅದರ ಸ್ಥಾನದಲ್ಲಿ ಯಾವುದನ್ನು ಕೊಡಬೇಕೆಂಬ ಪಟ್ಟಿಯು ಭಾವಪ್ರಕಾಶದಲ್ಲಿಯೇ ಇದೆ.

ಮನುಷ್ಯದೇಹದೊಳಗೆ ಹುಟ್ಟತಕ್ಕ ಒಂದು ದ್ರವ್ಯವು ಹುಟ್ಟದೆ ಹೋದಾಗ ಹೊರಗಿನಿಂದ ಅದಕ್ಕೆ ಪ್ರತಿನಿಧಿಯನ್ನು ತಂದುಕೊಡಬಹುದೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಯಾರಿಗೂ ನಿಶ್ಚಿತವಾಗಿರಲಿಲ್ಲ. ಅದನ್ನು ಮೊದಲು ಸಿದ್ಧಪಡಿಸಿದುದು ಕಂಠದಲ್ಲಿರುವ ಥೈರಾಯಿಡ್ ಗ್ರಂಥಿಯ ಚರಿತ್ರೆ. ಇಂದು ಈ ಗ್ರಂಥಿಯು ಕುಂದಿದವರು ಲೋಕದ ಎಲ್ಲ ದೇಶಗಳಲ್ಲಿಯೂ ಬೆಳಗಾಗೆದ್ದು ಸಣ್ಣದೊಂದು ಮಾತ್ರೆಯನ್ನು ನುಂಗಿ ದಿನದ ಕೆಲಸಕ್ಕೆ ಹೊರಡುತ್ತಾರೆ. ಆ ಮಾತ್ರೆಯೊಳಗಿನ ಔಷಧದ ತೂಕವು ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಸುತ್ತುಮುತ್ತ. ಇದು ಸಿದ್ಧಿಸಿದುದು ಒಂದು ದಿನದಲ್ಲಿಯೂ ಅಲ್ಲ, ಒಬ್ಬನಿಂದಲೂ ಅಲ್ಲ. ಮೊದಲು ಅಭಾವವನ್ನು ಗುರುತಿಸಿದರು; ಬಳಿಕ ಅದು ಯಾವುದರ ಅಭಾವವೆಂದು ತಿಳಿದರು; ಬಳಿಕ ಪ್ರತಿನಿಧಿಯನ್ನು ಹುಡುಕಿದರು; ಕಟ್ಟಕಡೆಗೆ ಪ್ರತಿನಿಧಿಯ ಎಲ್ಲೆಯನ್ನು ಅರಿತರು. ಈ ನಾಲ್ಕು ಹೆಜ್ಜೆಗಳನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಹೆಸರಿನ ವಿಚಾರ. ಥೈರಾಯಿಡ್ ಎಂಬ ಹೆಸರನ್ನು ಈ ಗ್ರಂಥಿಗೆ ಕೊಟ್ಟವನು ಲಂಡನ್ನಿನ ವೈದ್ಯನಾದ ಥಾಮಸ್ ವಾರ್ಟನ್. ಗ್ರಂಥಿಗಳನ್ನೇ ಕುರಿತು ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಅಡೆನೋಗ್ರಾಫಿಯಾ’ ಎಂಬ ಗ್ರಂಥವು ೧೬೫೬ರಲ್ಲಿ ಪ್ರಕಟವಾಯಿತು. ಗ್ರೀಕ್ ಭಾಷೆಯಲ್ಲಿ ಥೈರೆಯೋಸ್ ಎಂದರೆ ಉದ್ದವಾದ ಗುರಾಣಿ. ಗುರಾಣಿಯ ಆಕಾರವು ನಿಜವಾಗಿ ಇರುವುದು ಧ್ವನಿಪೆಟ್ಟಿಗೆಯ ಮುಂಭಾಗದ ಮೃದ್ವಸ್ಥಿಗೆ. ಅದರ ಸಾಮೀಪ್ಯದಿಂದ ಗ್ರಂಥಿಗೂ ಆ ಹೆಸರು ಬಂದಿತು. ಗಂಗೆಯ ದಡದಲ್ಲಿರುವ ಹಳ್ಳಿಯನ್ನು ಗಂಗೆಯಲ್ಲಿರುವ ಹಳ್ಳಿಯೆನ್ನುವಂತೆ ಇದೂ ಲಕ್ಷಣೆಯೇ. ಗ್ರಂಥಿಯ ಪ್ರಯೋಜನವೇನೆಂಬ ಪ್ರಶ್ನೆಗೆ ವಾರ್ಟನ್ನನು ಕೊಟ್ಟ ಉತ್ತರಗಳಲ್ಲಿ ಒಂದು, ಅದು ಕೊರಳಿನ ತಗ್ಗುಗಳನ್ನು ತುಂಬಿ, ವಿಶೇಷವಾಗಿ ಸ್ತ್ರೀಯರಿಗೆ, ಚೆಲುವನ್ನು ಕೊಡುತ್ತದೆಂಬುದು. ಆ ಬಳಿಕ ಇನ್ನೂರು ವರ್ಷಗಳಾದರೂ ವೈದ್ಯರಿಗೆ ಇದಕ್ಕಿಂತ ದೃಢವಾದ ಉತ್ತರವು ದೊರೆಯಲಿಲ್ಲ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಈ ರೋಗವು ಹಿಂದೆಯೇ ಉಕ್ತವಾಗಿದೆಯೆಂದು ಹೇಳುವವರುಂಟು. ಈ ಮಾತನ್ನು ವಿವೇಚಿಸಿ ಗ್ರಹಿಸಬೇಕು. ಸುಶ್ರುತಸಂಹಿತೆಯ ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದಗಳೊಡನೆ ಗಲಗಂಡದ ಲಕ್ಷಣವು ಹೇಳಲ್ಪಟ್ಟಿದೆ. ವಾತ, ಕಫ, ಮೇದಸ್ಸುಗಳಿಂದ ಅದು ಮೂರು ವಿಧವೆಂಬ ವಿಭಾಗವೂ ಅಲ್ಲಿದೆ. ಅಪಚಿಯನ್ನೂ ಗಲಗಂಡವನ್ನೂ ಬೇರ್ಪಡಿಸಿ ಹೇಳಿರುವ ಸೂಕ್ಷ್ಮದೃಷ್ಟಿಯು ಪ್ರಶಂಸನೀಯವಾದುದು. ಆದರೆ ಗಲಗಂಡವೆಂಬುದು ಊತ. ಅದು ಕಣ್ಣಿಗೆ ಕಾಣುವ ವೃದ್ಧಿ. ಪ್ರಕೃತವಾದುದು ಗ್ರಂಥಿಯ ಸ್ರಾವದ ಕ್ಷಯ. ಅದು ಕಣ್ಣಿಗೆ ಕಾಣದ ಅಭಾವ. ಗ್ರಂಥಿಯು ಊದಿಕೊಂಡಿದ್ದರೂ ಸ್ರಾವವು ಸರಿಯಾಗಿರಬಹುದು. ಗ್ರಂಥಿಯು ಬಾಡಿ ಕಿರಿದಾಗಿ ಕೊರಳು ನೋಡುವುದಕ್ಕೆ ನಿರ್ದುಷ್ಟವಾಗಿದ್ದರೂ ಸ್ರಾವವು ನಿಂತುಹೋಗಿರಬಹುದು. ಗಲಗಂಡವನ್ನು ಪ್ರಾಚೀನರು ಬಲ್ಲವರಾಗಿದ್ದರೆಂಬುದು ಸತ್ಯ. ಸ್ರಾವಾಭಾವವನ್ನು ಬಲ್ಲವರಾಗಿದ್ದರೆಂಬುದಕ್ಕೆ ಆ ಅಧ್ಯಾಯವು ಪ್ರಮಾಣವಾಗಲಾರದು. ಚೀನದೇಶದಲ್ಲಿ ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ವೈದ್ಯನು ಕುರಿ ಮೊದಲಾದ ಪ್ರಾಣಿಗಳ ಇದೇ ಗ್ರಂಥಿಯನ್ನು ಔಷಧವಾಗಿ ವಿಧಿಸಿದ್ದುಂಟು. ಅದೂ ಗಲಗಂಡದ ಊತಕ್ಕಾಗಿಯೇ. ಪೂರ್ವಿಕರಿಗೆ ಸಲ್ಲತಕ್ಕುದನ್ನು ಸಲ್ಲಿಸಬೇಕು. ಅವರು ಕೇಳದೆ ಇರುವುದನ್ನು ಅವರ ಮೇಲೆ ಹೊರಿಸಬಾರದು.

ಇಲ್ಲಿ ಮತ್ತೊಂದು ಭೇದವನ್ನೂ ಗಮನಿಸಬೇಕಾಗಿದೆ. ಗ್ರಂಥಿಯು ತನ್ನ ಸ್ರಾವವನ್ನು ಸಿದ್ಧಪಡಿಸಲು ಅಯೋಡಿನ್ ಎಂಬ ಮೂಲದ್ರವ್ಯವು ಅವಶ್ಯ. ಇದನ್ನು ಕುರ್ಟ್ವಾ ಎಂಬ ಫ್ರೆಂಚನು ೧೮೧೧ರಲ್ಲಿ ಕಡಲಪಾಚಿಯ ಬೂದಿಯಲ್ಲಿ ಕಂಡನು. ಜಿನೀವಾ ನಗರದ ಕ್ವಾಂಡೆ ಎಂಬ ವೈದ್ಯನು ೧೮೨೦ರಲ್ಲಿ ಗಲಗಂಡಕ್ಕೆ ಕೊಟ್ಟನು. ಆಲ್ಪ್ಸ್ ಹಿಮಾಲಯಗಳಂಥ ಪರ್ವತಪ್ರಾಂತಗಳ ಮಣ್ಣಿನಲ್ಲಿ ಅಯೋಡಿನ್ ಕಡಮೆಯಾದುದರಿಂದ ಅಲ್ಲಿ ಗಲಗಂಡವು ಊರಿಗೂರನ್ನೇ ಹಿಡಿದಿತ್ತು. ಹಿಮಾಲಯದ ಅಡಿಯಲ್ಲಿರುವ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಅವರು ೧೯೫೬ರಿಂದ ನಡೆಸಿದ ಪರೀಕ್ಷೆಗಳಿಂದ ಉಪ್ಪಿನೊಡನೆ ಅಯೋಡಿನ್ನನ್ನು ಬೆರೆಸುವುದೇ ಪರಿಹಾರವೆಂಬುದು ಭಾರತದಲ್ಲಿ ಸ್ಥಿರಪಟ್ಟಿತು. ೧೯೬೨ರಲ್ಲಿ ಸರ್ಕಾರವು ಗಲಗಂಡನಿವಾರಣೆಯ ಯೋಜನೆಯನ್ನು ಆರಂಭಿಸಿತು. ಆದರೆ ಅಯೋಡಿನ್ನಿನ ಕೊರತೆಯು ಬೇರೆ, ಗ್ರಂಥಿಯ ನಾಶವು ಬೇರೆ. ನೈಯಾಯಿಕರ ಘಟದೃಷ್ಟಾಂತದಿಂದ ಹೇಳುವುದಾದರೆ, ಕುಂಬಾರನಿಗೆ ಮಣ್ಣಿಲ್ಲದಿದ್ದರೆ ಮಣ್ಣನ್ನು ಒದಗಿಸಬೇಕು. ಕುಂಬಾರನೇ ಇಲ್ಲದಿದ್ದರೆ ಮಣ್ಣಿನ ರಾಶಿಯಿಂದ ಫಲವಿಲ್ಲ, ಮಡಕೆಯನ್ನೇ ತಂದುಕೊಡಬೇಕು. ಈ ಚರಿತ್ರೆಯು ಮಡಕೆಯನ್ನು ತಂದುಕೊಟ್ಟ ಚರಿತ್ರೆ.

೩

ಅಭಾವದ ಜ್ಞಾನಕ್ಕೆ ಪ್ರತಿಯೋಗಿಯ ಜ್ಞಾನವು ಬೇಕೆಂಬುದು ತರ್ಕಶಾಸ್ತ್ರದ ಮಾತು. ಘಟವನ್ನು ಅರಿಯದವನು ಘಟವಿಲ್ಲವೆಂದು ಹೇಳಲಾರನು. ಲಂಡನ್ನಿನ ಸರ್ ವಿಲಿಯಂ ಗಲ್ ಎಂಬ ವೈದ್ಯನ ಸ್ಥಿತಿಯು ಇಂಥದೇ. ೧೮೭೩ರಲ್ಲಿ ಅವನು ಅಲ್ಲಿನ ಕ್ಲಿನಿಕಲ್ ಸೊಸೈಟಿಯ ಮುಂದೆ ಐವರು ಸ್ತ್ರೀಯರ ರೋಗವನ್ನು ವರ್ಣಿಸಿದನು. ಪ್ರಾಯಕ್ಕೆ ಬಂದು ಸ್ವಸ್ಥರಾಗಿದ್ದ ಆ ಸ್ತ್ರೀಯರ ಮುಖವು ಕ್ರಮೇಣ ಊದಿಕೊಂಡಿತು, ನಾಲಿಗೆಯು ದಪ್ಪವಾಗಿ ಮಾತು ತೊದಲಿತು, ಮೈ ಭಾರವಾಯಿತು, ಮನಸ್ಸು ಜಡವಾಯಿತು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಹುಟ್ಟಿನಿಂದಲೇ ಕುಳ್ಳಾಗಿಯೂ ಮಂದಬುದ್ಧಿಯಾಗಿಯೂ ಬೆಳೆಯುವ, ಕ್ರೆಟಿನ್ ಎಂದು ಕರೆಯಲ್ಪಡುತ್ತಿದ್ದ ಮಕ್ಕಳ ಸ್ಥಿತಿಯನ್ನು ಇದು ಹೋಲುತ್ತದೆಂದು ಗಲ್ಲನು ಕಂಡನು. ಹೋಲಿಕೆಯನ್ನು ಕಂಡನೇ ಹೊರತು ಯಾವ ವಸ್ತುವಿಲ್ಲದೆ ಹೀಗಾಯಿತೆಂಬುದನ್ನು ಕಾಣಲಿಲ್ಲ. ೧೮೭೮ರಲ್ಲಿ ವಿಲಿಯಂ ಆರ್ಡ್ ಎಂಬವನು ಇಂಥ ರೋಗಿಗಳ ಶವಪರೀಕ್ಷೆಯಿಂದ ಚರ್ಮದ ಕೆಳಗೆ ಲೋಳೆಯಂಥ ದ್ರವ್ಯವು ತುಂಬಿರುವುದನ್ನು ಹೇಳಿ, ಗ್ರೀಕ್ ಭಾಷೆಯ ಲೋಳೆ, ಊತ ಎಂಬ ಎರಡು ಪದಗಳನ್ನು ಕೂಡಿಸಿ ‘ಮಿಕ್ಸಿಡೀಮಾ’ ಎಂದು ರೋಗಕ್ಕೆ ನಾಮಕರಣ ಮಾಡಿದನು. ಥೈರಾಯಿಡ್ ಗ್ರಂಥಿಯು ಕ್ಷೀಣಿಸಿದ್ದುದೂ ಅವನ ಕಣ್ಣಿಗೆ ಬಿದ್ದಿತು. ಆದರೆ ಅವನು ಅದನ್ನು ಕಾರಣವೆಂದು ಎಣಿಸಲಿಲ್ಲ, ಕಾರ್ಯವೆಂದೇ ಎಣಿಸಿದನು.

ಕಾರಣವು ಬೆಳಕಿಗೆ ಬಂದುದು ಶಸ್ತ್ರವೈದ್ಯರ ಕೈಯಿಂದ. ಅದೂ ಒಂದು ದುಃಖದ ದಾರಿಯಿಂದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೊಡೋರ್ ಕೋಖರ್ ಎಂಬ ಆಚಾರ್ಯನು ಗಲಗಂಡವನ್ನು ಕೊಯ್ದು ತೆಗೆಯುವುದರಲ್ಲಿ ಅದ್ವಿತೀಯನಾಗಿದ್ದನು. ಅದುವರೆಗೆ ಪ್ರಾಣಾಂತಿಕವಾಗಿದ್ದ ಆ ಚಿಕಿತ್ಸೆಯಲ್ಲಿ ಅವನ ರೋಗಿಗಳು ಬದುಕಿ ಮನೆಗೆ ಹೋಗುತ್ತಿದ್ದರು. ೧೮೭೪ರಲ್ಲಿ ಅವನು ಹನ್ನೊಂದು ವರ್ಷದ ಒಬ್ಬ ಬಾಲಿಕೆಯ ಗ್ರಂಥಿಯನ್ನು ಪೂರ್ಣವಾಗಿ ತೆಗೆದನು. ಅವಳಿಗೂ ಅವಳ ತಂಗಿಗೂ ಎಷ್ಟು ಹೋಲಿಕೆಯಿತ್ತೆಂದರೆ ನೋಡುವವರು ಒಬ್ಬಳನ್ನು ಇನ್ನೊಬ್ಬಳೆಂದು ತಿಳಿಯುತ್ತಿದ್ದರು. ವರ್ಷಗಳು ಕಳೆದ ಮೇಲೆ ತಂಗಿಯು ಬೆಳೆದು ಚೆಲುವೆಯಾದ ಯುವತಿಯಾದಳು. ಅಕ್ಕನು ಕುಳ್ಳಾಗಿಯೇ ಉಳಿದು, ಮುಖವೂದಿ, ಬುದ್ಧಿಯು ಮಂಕಾಗಿ ಕ್ರೆಟಿನ್ ಮಕ್ಕಳ ಸ್ಥಿತಿಗೆ ಇಳಿದಳು. ೧೮೮೨ರಲ್ಲಿ ಜಿನೀವಾ ನಗರದ ರೆವೆರ್ಡಿನ್ ಎಂಬ ಶಸ್ತ್ರವೈದ್ಯನು ಇಂಥ ಪರಿಣಾಮವನ್ನು ಸೂಚಿಸಿದ ಮೇಲೆ ಕೋಖರನು ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಯಿಸಿ ನೋಡಿದನು. ಗ್ರಂಥಿಯನ್ನು ಪೂರ್ಣವಾಗಿ ಕಳೆದುಕೊಂಡವರಲ್ಲಿ ಬಂದವರು ೧೮ ಮಂದಿ. ಅವರಲ್ಲಿ ೧೬ ಮಂದಿಗೆ ಈ ಜಡತೆಯು ಪ್ರಾಪ್ತವಾಗಿತ್ತು. ೧೮೮೩ರಲ್ಲಿ ಅವನು ಇದನ್ನು ಮುಚ್ಚಿಡದೆ ವಿದ್ವತ್ಸಭೆಯ ಮುಂದಿಟ್ಟು, ಸಾಧಾರಣವಾದ ಗಲಗಂಡಕ್ಕಾಗಿ ಗ್ರಂಥಿಯನ್ನು ಪೂರ್ಣವಾಗಿ ತೆಗೆಯುವುದನ್ನು ನಿಲ್ಲಿಸಿದನು. ೧೯೦೯ರಲ್ಲಿ ಅವನಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. ಅವನ ಹಸ್ತಕೌಶಲದಷ್ಟೇ ಅವನ ಈ ಸತ್ಯನಿಷ್ಠೆಯೂ ಸ್ಮರಣೀಯವಾದುದು. ಗುಣಹೊಂದಿದರೆಂದು ಲೆಕ್ಕಕ್ಕೆ ಬರೆದವರನ್ನು ಮರಳಿ ಕರೆದು ಪರೀಕ್ಷಿಸುವ ಧೈರ್ಯವು ಎಲ್ಲರಿಗೂ ಇರುವುದಿಲ್ಲ.

ಅದೇ ೧೮೮೩ರ ನವೆಂಬರಿನಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯಲ್ಲಿ ಫೆಲಿಕ್ಸ್ ಸೀಮೋನ್ ಎಂಬವನು ಎದ್ದು, ಗಲ್ಲನ ಸ್ತ್ರೀಯರ ರೋಗ, ಆಲ್ಪ್ಸ್ ಕಣಿವೆಯ ಮಕ್ಕಳ ಸ್ಥಿತಿ, ಕೋಖರನ ರೋಗಿಗಳ ದುರವಸ್ಥೆ ಈ ಮೂರಕ್ಕೂ ಕಾರಣವು ಒಂದೇ, ಅದು ಥೈರಾಯಿಡ್ ಗ್ರಂಥಿಯ ಅಭಾವ ಎಂದನು. ಸಭೆಯು ಒಡನೆಯೇ ಒಪ್ಪಲಿಲ್ಲ. ಆದರೆ ಡಿಸೆಂಬರಿನಲ್ಲಿ ಒಂದು ಪರಿಶೋಧನಸಮಿತಿಯನ್ನು ನೇಮಿಸಿತು. ನೂರಕ್ಕೂ ಮಿಕ್ಕ ರೋಗಿಗಳ ವೃತ್ತಾಂತವನ್ನು ಸಂಗ್ರಹಿಸಿ, ವಿಕ್ಟರ್ ಹಾರ್ಸ್ಲಿಯು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳನ್ನೂ ಸೇರಿಸಿಕೊಂಡು ಆ ಸಮಿತಿಯು ೧೮೮೮ರಲ್ಲಿ ಸೀಮೋನನ ಮಾತೇ ನಿಜವೆಂದು ತೀರ್ಮಾನಿಸಿತು. ಗ್ರಂಥಿಯಿಲ್ಲದಲ್ಲಿ ಆರೋಗ್ಯವಿಲ್ಲ ಎಂಬ ವ್ಯತಿರೇಕವು ಹೀಗೆ ಸಿದ್ಧವಾಯಿತು.

೪

ವ್ಯತಿರೇಕಮಾತ್ರದಿಂದ ಶಾಸ್ತ್ರವು ತೃಪ್ತಿಹೊಂದದು, ಅನ್ವಯವೂ ಬೇಕು. ಗ್ರಂಥಿಯನ್ನು ಮರಳಿ ಕೊಟ್ಟರೆ ಆರೋಗ್ಯವು ಮರಳುವುದೇ ಎಂಬುದನ್ನು ತೋರಿಸಬೇಕಾಗಿತ್ತು. ಜಿನೀವಾದಲ್ಲಿ ಮೊರಿಟ್ಸ್ ಷಿಫ್ ಎಂಬ ಪಂಡಿತನು ನಾಯಿಯ ಉದರದಲ್ಲಿ ಮೊದಲೇ ಮತ್ತೊಂದು ಗ್ರಂಥಿಯನ್ನು ನೆಟ್ಟರೆ ಅದರ ಸ್ವಂತ ಗ್ರಂಥಿಯನ್ನು ತೆಗೆದಾಗ ಅದು ಬದುಕುವುದನ್ನು ೧೮೮೪ರಲ್ಲಿ ತೋರಿಸಿದ್ದನು. ೧೮೯೦ರಲ್ಲಿ ಲಿಸ್ಬನ್ ನಗರದ ಬೆಟ್ಟನ್‌ಕೋರ್ಟ್, ಸೆರಾನೊ ಎಂಬಿಬ್ಬರು ರೋಗಪೀಡಿತಳಾದ ಒಬ್ಬ ಸ್ತ್ರೀಯ ಚರ್ಮದ ಕೆಳಗೆ ಕುರಿಯ ಗ್ರಂಥಿಯನ್ನು ಇಟ್ಟು ಹೊಲಿದರು. ಗುಣವು ಮರುದಿನದಿಂದಲೇ ಕಾಣಿಸಿತು. ನೆಟ್ಟ ಗ್ರಂಥಿಯು ಬೇರೂರಿ ರಕ್ತನಾಳಗಳನ್ನು ಪಡೆಯಲು ಒಂದು ದಿನವು ಸಾಲದು. ಆದುದರಿಂದ ಗುಣವನ್ನು ಕೊಟ್ಟುದು ಬೇರೂರಿದ ಗ್ರಂಥಿಯಲ್ಲ, ಅದರಿಂದ ಒಸರಿ ದೇಹಕ್ಕೆ ಇಳಿದ ರಸ ಎಂಬ ಊಹೆಗೆ ಅವಕಾಶವಾಯಿತು.

ಈ ಊಹೆಯನ್ನು ಕಾರ್ಯಕ್ಕೆ ತಂದವನು ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಜಾರ್ಜ್ ಮರ್ರೆ. ಹಾರ್ಸ್ಲಿಯ ಶಿಷ್ಯನಾದ ಅವನಿಗೆ ಆಗ ಇಪ್ಪತ್ತೈದರ ಆಸುಪಾಸಿನ ಪ್ರಾಯ. ೧೮೯೧ರ ಆದಿಯಲ್ಲಿ ಅವನು ಸ್ಥಳೀಯ ವೈದ್ಯಸಂಘದಲ್ಲಿ ತನ್ನ ಉದ್ದೇಶವನ್ನು ತಿಳಿಸಿದಾಗ ಹಿರಿಯನೊಬ್ಬನು, ಹಾಗಾದರೆ ಬೆನ್ನುಹುರಿಯ ರೋಗಕ್ಕೆ ಬೆನ್ನುಹುರಿಯನ್ನೇ ಅರೆದು ಕೊಡಬಹುದಲ್ಲ ಎಂದು ಹಾಸ್ಯಮಾಡಿದನಂತೆ. ಮರ್ರೆಯು ಆಗತಾನೆ ಕೊಂದ ಕುರಿಯ ಗ್ರಂಥಿಯನ್ನು ತರಿಸಿ, ಸಣ್ಣದಾಗಿ ಕೊಚ್ಚಿ, ಗ್ಲಿಸರಿನ್ನಿನಲ್ಲಿಯೂ ಸ್ವಲ್ಪ ಕಾರ್ಬಾಲಿಕ್ ಆಮ್ಲವು ಬೆರೆತ ನೀರಿನಲ್ಲಿಯೂ ಒಂದು ಹಗಲು ರಾತ್ರಿ ನೆನೆಯಿಟ್ಟು, ಕುದಿನೀರಿನಲ್ಲಿ ಅದ್ದಿದ ಕರವಸ್ತ್ರದಿಂದ ಹಿಂಡಿ ಸೋಸಿ ರಸವನ್ನು ತೆಗೆದನು. ೧೮೯೧ರ ಏಪ್ರಿಲ್ ೧೩ರಂದು ಅದನ್ನು ೪೬ ವರ್ಷದ ಒಬ್ಬ ಸ್ತ್ರೀಯ ಚರ್ಮದ ಕೆಳಗೆ ಸೂಜಿಯಿಂದ ಹಾಕಿದನು. ಕೆಲವು ತಿಂಗಳುಗಳಲ್ಲಿ ಅವಳ ಊತವು ಇಳಿಯಿತು, ಮಾತು ಸ್ಪಷ್ಟವಾಯಿತು, ನಡಿಗೆಯು ಚುರುಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಈ ವೃತ್ತಾಂತವು ಪ್ರಕಟವಾಯಿತು.

ಮರುವರ್ಷವೇ, ಎಂದರೆ ೧೮೯೨ರಲ್ಲಿ, ಸೂಜಿಯೂ ಬೇಕಿಲ್ಲವೆಂದು ತಿಳಿದುಬಂದಿತು. ಕೋಪನ್‌ಹೇಗನ್ನಿನಲ್ಲಿ ಹೋವಿಟ್ಸ್, ಲಂಡನ್ನಿನಲ್ಲಿ ಹೆಕ್ಟರ್ ಮೆಕೆಂಜಿ, ಪ್ಲಿಮತ್ತಿನಲ್ಲಿ ಫಾಕ್ಸ್ ಎಂಬವರು ಗ್ರಂಥಿಯನ್ನು ಬಾಯಿಯ ಮೂಲಕವೇ ಕೊಟ್ಟು ಗುಣವನ್ನು ಕಂಡರು. ಫಾಕ್ಸನು ಕುರಿಯ ಗ್ರಂಥಿಯ ಅರ್ಧವನ್ನು ಸ್ವಲ್ಪವೇ ಹುರಿದು, ಕೊಚ್ಚಿ, ಹಣ್ಣಿನ ಪಾಕದೊಡನೆ ವಾರಕ್ಕೊಮ್ಮೆ ತಿನ್ನಿಸಿದನು. ಔಷಧವೋ ಅಡಿಗೆಯೋ ಎಂದು ಸಂದೇಹಪಡುವಂತಿದ್ದ ಈ ಪ್ರಯೋಗವೇ ಮುಂದಿನ ಮಾತ್ರೆಗಳ ಮೂಲ. ಒಣಗಿಸಿ ಪುಡಿಮಾಡಿದ ಗ್ರಂಥಿಯ ಗುಳಿಗೆಗಳು ಬೇಗನೆ ಅಂಗಡಿಗಳಿಗೆ ಬಂದವು.

ಮರ್ರೆಯ ಮೊದಲನೆಯ ರೋಗಿಯ ಮುಂದಿನ ಕಥೆಯನ್ನೂ ಇಲ್ಲಿ ಹೇಳಬೇಕು. ಅವಳು ೧೯೧೯ರವರೆಗೆ, ೨೮ ವರ್ಷಗಳ ಕಾಲ, ಔಷಧವನ್ನು ಸೇವಿಸುತ್ತ ಬದುಕಿ ೭೪ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲದಲ್ಲಿ ಅವಳಿಗೆ ಬೇಕಾದುದು ಒಂಬತ್ತು ಪೈಂಟಿಗೆ ಮಿಕ್ಕ ರಸ. ಅದಕ್ಕಾಗಿ ಬಳಕೆಯಾದ ಕುರಿಗಳು ೮೭೦ಕ್ಕೂ ಹೆಚ್ಚು. ಮರ್ರೆಯೇ ೧೯೨೦ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದನು. ಔಷಧವು ರೋಗವನ್ನು ನೀಗಲಿಲ್ಲ, ಅಭಾವವನ್ನು ತುಂಬಿತು. ತುಂಬುವುದನ್ನು ನಿಲ್ಲಿಸಿದರೆ ಅಭಾವವು ಮರಳಿ ಬರುತ್ತದೆ. ಹೀಗೆ ಜೀವಾವಧಿ ಸೇವಿಸತಕ್ಕ ಪ್ರತಿನಿಧಿದ್ರವ್ಯವೆಂಬ ಭಾವನೆಯು ವೈದ್ಯಲೋಕದಲ್ಲಿ ಈ ಸ್ತ್ರೀಯ ದೃಷ್ಟಾಂತದಿಂದಲೇ ನೆಲೆಗೊಂಡಿತು.

೫

ಗ್ರಂಥಿಯೊಳಗೆ ಗುಣವನ್ನು ಕೊಡುವ ಸಾರವು ಯಾವುದೆಂಬುದು ಮುಂದಿನ ಪ್ರಶ್ನೆ. ಜರ್ಮನಿಯ ಫ್ರೈಬುರ್ಗಿನಲ್ಲಿ ಯುಜೀನ್ ಬೌಮನ್ ಎಂಬವನು ೧೮೯೫ರಲ್ಲಿ ಗ್ರಂಥಿಯೊಳಗೆ ಅಯೋಡಿನ್ ಇರುವುದನ್ನು ಕಂಡನು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಜ್ಞನು ೧೯೧೪ರ ಡಿಸೆಂಬರ್ ೨೫ರಂದು, ಕ್ರಿಸ್ತಜಯಂತಿಯ ದಿನದಲ್ಲಿಯೇ, ಆ ಸಾರವನ್ನು ಶುದ್ಧವಾದ ಹರಳುಗಳ ರೂಪದಲ್ಲಿ ಪಡೆದನು. ಅವನು ಮುಂದೆ ಸಂಗ್ರಹಿಸಿದ ಸುಮಾರು ೩೩ ಗ್ರಾಮ್ ಹರಳಿಗಾಗಿ ಹಂದಿಗಳ ಗ್ರಂಥಿಯು ಸುಮಾರು ೩ ಟನ್ನುಗಳಷ್ಟು ಬೇಕಾಯಿತು.

ಆ ಹರಳಿಗೆ ಕೆಂಡಾಲನು ಇಟ್ಟ ಹೆಸರಿನ ಕಥೆಯು ಶಬ್ದಶಾಸ್ತ್ರದಲ್ಲಿ ಆಸಕ್ತಿಯುಳ್ಳವರಿಗೆ ವಿಶೇಷವಾಗಿ ರುಚಿಸತಕ್ಕುದು. ಅದರ ರಚನೆಯಲ್ಲಿ ಇಂಡೋಲ್ ಎಂಬ ರಾಸಾಯನಿಕ ವಲಯವೂ ಆಕ್ಸಿಜನ್ನೂ ಮೂರು ಅಯೋಡಿನ್ ಪರಮಾಣುಗಳೂ ಇವೆಯೆಂದು ಅವನು ನಂಬಿದನು. ಆದುದರಿಂದ ಅದನ್ನು ‘ಥೈರಾಕ್ಸಿಇಂಡೋಲ್’ ಎಂದು ಭಾವಿಸಿ, ಸಂಕ್ಷೇಪಿಸಿ ‘ಥೈರಾಕ್ಸಿನ್’ ಎಂದನು. ೧೯೨೬ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ನನು ಈ ರಚನೆಯು ತಪ್ಪೆಂದು ತೋರಿಸಿದನು. ಅದರಲ್ಲಿ ಇಂಡೋಲ್ ಇಲ್ಲವೇ ಇಲ್ಲ. ಟೈರೊಸೀನ್ ಎಂಬ ಅಮೈನೊ ಆಮ್ಲದಿಂದ ಹುಟ್ಟಿದ ಎರಡು ವಲಯಗಳು ಆಕ್ಸಿಜನ್ನಿನ ಸೇತುವೆಯಿಂದ ಕೂಡಿವೆ. ಅಯೋಡಿನ್ ಪರಮಾಣುಗಳು ಮೂರಲ್ಲ, ನಾಲ್ಕು. ದ್ರವ್ಯದ ತೂಕದಲ್ಲಿ ನೂರಕ್ಕೆ ೬೫ ಪಾಲು ಅಯೋಡಿನ್ನೇ. ೧೯೨೭ರಲ್ಲಿ ಹ್ಯಾರಿಂಗ್ಟನ್ನನು ಎಡಿನ್‌ಬರೋ ನಗರದ ಜಾರ್ಜ್ ಬಾರ್ಗರನೊಡನೆ ಸೇರಿ, ಯಾವ ಪ್ರಾಣಿಯ ಗ್ರಂಥಿಯೂ ಇಲ್ಲದೆ, ಪ್ರಯೋಗಶಾಲೆಯಲ್ಲಿ ಅದನ್ನು ಕಟ್ಟಿ ತೋರಿಸಿದನು. ಹೀಗೆ ಹೆಸರಿನ ಯೋಗಾರ್ಥವು ಬಿದ್ದುಹೋಯಿತು; ಆದರೆ ಹೆಸರು ಬೀಳಲಿಲ್ಲ. ಅವಯವಾರ್ಥವನ್ನು ಕಳೆದುಕೊಂಡು ರೂಢಿಯಿಂದ ನಿಂತ ಪದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು, ಥೈರಾಕ್ಸಿನ್ ಅವುಗಳಲ್ಲೊಂದು. ವಸ್ತುವು ನಿಜ, ವ್ಯುತ್ಪತ್ತಿಯು ಸುಳ್ಳು. ಕೆಂಡಾಲನ ಹಿರಿಮೆಗೆ ಇದರಿಂದ ಕುಂದಿಲ್ಲ. ಬೇರೊಂದು ಗ್ರಂಥಿಯ ಸ್ರಾವಗಳ ಸಂಶೋಧನೆಗಾಗಿ ಅವನಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು.

೬

ಪ್ರಯೋಗಶಾಲೆಯಲ್ಲಿ ಸಿದ್ಧವಾದ ದ್ರವ್ಯವು ೧೯೨೭ರಲ್ಲಿಯೇ ರೋಗಿಗಳ ಮನೆಯನ್ನು ಸೇರಲಿಲ್ಲ. ಇದಕ್ಕೆ ಮೂರು ಕಾರಣಗಳು. ಮೊದಲನೆಯದಾಗಿ, ಅದು ಬಹಳ ದುಬಾರಿ. ಎರಡನೆಯದಾಗಿ, ಥೈರಾಕ್ಸಿನ್ನಿನ ಅಣುವಿಗೆ ಬಿಂಬಪ್ರತಿಬಿಂಬಗಳಂತೆ ವಾಮ, ದಕ್ಷಿಣ ಎಂಬ ಎರಡು ರೂಪಗಳಿವೆ. ದೇಹವು ಮಾಡುವುದು ವಾಮರೂಪವೊಂದನ್ನೇ. ಮೊದಲ ಕೃತಕಸಿದ್ಧಿಯಲ್ಲಿ ಎರಡೂ ಸಮವಾಗಿ ಬೆರೆತಿದ್ದವು. ಮೂರನೆಯದಾಗಿ, ಆಮ್ಲರೂಪದ ಥೈರಾಕ್ಸಿನ್ನನ್ನು ನುಂಗಿದರೆ ಕರುಳು ಅದನ್ನು ಚೆನ್ನಾಗಿ ಹೀರುವುದಿಲ್ಲ. ೧೯೪೯ರಲ್ಲಿ ಇಂಗ್ಲೆಂಡಿನ ಗ್ಲಾಕ್ಸೊ ಸಂಸ್ಥೆಯ ರಸಾಯನಜ್ಞರು ಟೈರೊಸೀನಿನಿಂದ ವಾಮರೂಪವನ್ನೇ ನೇರವಾಗಿ ಕಟ್ಟುವ ಕ್ರಮವನ್ನು ಪ್ರಕಟಿಸಿದರು. ಸೋಡಿಯಂ ಲವಣವಾಗಿ ಮಾಡಿದಾಗ ಅದು ಬಾಯಿಯ ಮೂಲಕವೂ ಸಾಕಷ್ಟು ಹೀರಲ್ಪಟ್ಟಿತು. ಲೀವೋಥೈರಾಕ್ಸಿನ್ ಸೋಡಿಯಂ ಎಂದು ಇಂದು ಔಷಧದಂಗಡಿಗಳಲ್ಲಿ ದೊರೆಯುವುದು ಇದೇ.

ಆದರೂ ಒಣಗಿದ ಗ್ರಂಥಿಯು ಕೂಡಲೇ ಪದವಿಯನ್ನು ಬಿಟ್ಟುಕೊಡಲಿಲ್ಲ. ಅದರ ಬಲವನ್ನು ಅಳೆಯುತ್ತಿದ್ದುದು ಅದರಲ್ಲಿರುವ ಅಯೋಡಿನ್ನಿನ ತೂಕದಿಂದ. ಅಯೋಡಿನ್ ಇದ್ದಮಾತ್ರಕ್ಕೆ ಸಾರವು ಅಷ್ಟೇ ಇರಬೇಕೆಂಬ ನಿಯಮವಿಲ್ಲ. ಒಂದು ಸೀಸೆಯ ಗುಳಿಗೆಗೂ ಮತ್ತೊಂದರ ಗುಳಿಗೆಗೂ ವ್ಯತ್ಯಾಸವಿತ್ತು. ೧೯೬೧ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಲೇಖನವೊಂದು, ಶುದ್ಧವಾದ ಥೈರಾಕ್ಸಿನ್ ದೊರೆಯುವಾಗ ಗ್ರಂಥಿಯ ಪುಡಿಯನ್ನು ಯಾರಾದರೂ ಏಕೆ ಕೊಡಬೇಕೆಂದು ಶೀರ್ಷಿಕೆಯಲ್ಲಿಯೇ ಕೇಳಿತು.

ಈ ನಡುವೆ ಮತ್ತೊಂದು ಸಂದೇಹವು ತಲೆದೋರಿತು. ೧೯೫೨ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಎಂಬವನೂ ರೋಸಲಿಂಡ್ ಪಿಟ್-ರಿವರ್ಸ್ ಎಂಬ ವಿದುಷಿಯೂ, ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ರೋಷ್ ಮತ್ತು ಅವನ ಸಹೋದ್ಯೋಗಿಗಳೂ, ಮೂರೇ ಅಯೋಡಿನ್ ಪರಮಾಣುಗಳುಳ್ಳ ಮತ್ತೊಂದು ಸ್ರಾವವನ್ನು ಕಂಡುಹಿಡಿದರು. ಇದು ಥೈರಾಕ್ಸಿನ್ನಿಗಿಂತ ತೀಕ್ಷ್ಣವಾದುದು. ಹಾಗಿದ್ದರೆ ಥೈರಾಕ್ಸಿನ್ ಒಂದನ್ನೇ ಕೊಡುವುದು ಅರ್ಧ ಪ್ರತಿನಿಧಿಯಾಗುವುದಿಲ್ಲವೆ? ೧೯೭೦ರಲ್ಲಿ ಬಾಸ್ಟನ್ನಿನ ಬ್ರೇವರ್ಮನ್, ಇಂಗ್‌ಬಾರ್, ಸ್ಟರ್ಲಿಂಗ್ ಎಂಬ ಮೂವರು ಇದಕ್ಕೆ ಸಮಾಧಾನವನ್ನು ಕೊಟ್ಟರು. ಗ್ರಂಥಿಯ ಕಾರ್ಯವೇ ಇಲ್ಲದವರಿಗೆ ಥೈರಾಕ್ಸಿನ್ ಒಂದನ್ನೇ ಕೊಟ್ಟರೂ ಅವರ ರಕ್ತದಲ್ಲಿ ಎರಡನೆಯ ಸ್ರಾವವು ಕಾಣಿಸಿತು. ದೇಹದ ಇತರ ಅಂಗಗಳೇ ಥೈರಾಕ್ಸಿನ್ನಿನ ಒಂದು ಅಯೋಡಿನ್ ಪರಮಾಣುವನ್ನು ಕಳಚಿ ಅದನ್ನು ತೀಕ್ಷ್ಣವಾಗಿ ಮಾಡಿಕೊಳ್ಳುತ್ತವೆಯೆಂಬುದು ಇದರಿಂದ ಸಿದ್ಧಿಸಿತು. ಥೈರಾಕ್ಸಿನ್ ಒಂದೇ ಸಾಕೆಂಬ ಪಕ್ಷವು ಇದರ ಮೇಲೆ ನಿಂತಿದೆ.

ಮಾತ್ರೆಯ ಪ್ರಮಾಣವನ್ನು ನಿಶ್ಚಯಿಸುವ ಉಪಾಯವೂ ಇದೇ ಕಾಲದಲ್ಲಿ ದೊರೆಯಿತು. ತಲೆಯೊಳಗಿನ ಪಿಟ್ಯೂಟರಿ ಗ್ರಂಥಿಯು ಥೈರಾಯಿಡ್ಡನ್ನು ಪ್ರೇರಿಸುವ ಟಿ.ಎಸ್.ಎಚ್. ಎಂಬ ಸ್ರಾವವನ್ನು ಕಳುಹಿಸುತ್ತದೆ. ರಕ್ತದಲ್ಲಿ ಥೈರಾಕ್ಸಿನ್ ತುಸು ಕುಂದಿದರೂ ಈ ಪ್ರೇರಕವು ಬಹಳವಾಗಿ ಏರುತ್ತದೆ. ಥೈರಾಕ್ಸಿನ್ ಹೆಚ್ಚಾದರೆ ಇಳಿಯುತ್ತದೆ. ೧೯೬೦ರ ದಶಕದಲ್ಲಿ ಇದನ್ನು ರಕ್ತದಲ್ಲಿ ಅಳೆಯುವ ಕ್ರಮವು ಹುಟ್ಟಿತು. ಅಳೆದು ನೋಡಿದಾಗ ಅದುವರೆಗೆ ಕೊಡುತ್ತಿದ್ದ ಪ್ರಮಾಣವು ಅನೇಕರಿಗೆ ಅಧಿಕವಾಗಿತ್ತೆಂದು ತಿಳಿದು ವೈದ್ಯರು ಅದನ್ನು ಇಳಿಸಿದರು. ಅಧಿಕವಾದರೆ ಹೃದಯದ ಬಡಿತವು ತಪ್ಪುತ್ತದೆ, ಎಲುಬು ಸವೆಯುತ್ತದೆ. ಅಮೃತವೂ ಮಿತಿಮೀರಿದರೆ ವಿಷ. ೧೯೯೭ರಲ್ಲಿ ಅಮೆರಿಕದ ಔಷಧನಿಯಂತ್ರಣ ಇಲಾಖೆಯು, ದಶಕಗಳಿಂದ ಮಾರಾಟದಲ್ಲಿದ್ದ ಈ ಮಾತ್ರೆಗಳ ಬಲವು ಸ್ಥಿರವಾಗಿಲ್ಲವೆಂದು ಕಂಡು, ಹೊಸ ಔಷಧವೋ ಎಂಬಂತೆ ಅವುಗಳ ಯೋಗ್ಯತೆಯನ್ನು ತಯಾರಕರೇ ಮರಳಿ ಸ್ಥಾಪಿಸಬೇಕೆಂದು ಆಜ್ಞಾಪಿಸಿತು. ಹಳೆಯದೆಂಬುದೊಂದೇ ಸಾಧುತ್ವಕ್ಕೆ ಪ್ರಮಾಣವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೭

ಇನ್ನು ಆರಂಭದಲ್ಲಿ ಹೇಳಿದ ಎಲ್ಲೆಯ ವಿಚಾರ. ನೀವಾರವು ವ್ರೀಹಿಗೆ ಸದೃಶ, ವ್ರೀಹಿಯಲ್ಲ. ಕುರಿಯ ಗ್ರಂಥಿಯೂ ಹಂದಿಯ ಗ್ರಂಥಿಯೂ ಹಾಗೆ ಸದೃಶಗಳಾಗಿದ್ದವು. ಕೃತಕವೆಂದು ಹೆಸರಾದ ಲೀವೋಥೈರಾಕ್ಸಿನ್ನಾದರೋ ದೇಹಜನ್ಯವಾದ ಥೈರಾಕ್ಸಿನ್ನಿಗೆ ಸದೃಶವಲ್ಲ, ತದ್ರೂಪವೇ ಆಗಿದೆ. ಪರಮಾಣುವಿನಲ್ಲಾಗಲಿ ಜೋಡಣೆಯಲ್ಲಾಗಲಿ ಭೇದವಿಲ್ಲ. ಕೃತಕವೆಂಬ ಪದವನ್ನು ಕೇಳಿ ಇದು ಹುಸಿಯಾದುದೆಂದೂ ಪ್ರಾಣಿಯ ಗ್ರಂಥಿಯೇ ಸಹಜವೆಂದೂ ಶಂಕಿಸುವವರು ಈಗಲೂ ಇದ್ದಾರೆ. ಹುಟ್ಟಿದ ಸ್ಥಳವು ಬೇರೆಯಾದಮಾತ್ರಕ್ಕೆ ವಸ್ತುವು ಬೇರೆಯಾಗುವುದಿಲ್ಲ. ವಾಸ್ತವದಲ್ಲಿ ಹಂದಿಯ ಗ್ರಂಥಿಯಲ್ಲಿ ಎರಡು ಸ್ರಾವಗಳ ಅನುಪಾತವು ಮನುಷ್ಯನಲ್ಲಿರುವುದಕ್ಕಿಂತ ಭಿನ್ನವಾದುದು. ಸಹಜವೆಂದು ಹೊಗಳಿಸಿಕೊಂಡುದೇ ಮನುಷ್ಯನಿಗೆ ಹೆಚ್ಚು ದೂರ.

ಹಾಗೆಂದು ಪ್ರತಿನಿಧಿಯು ಪೂರ್ಣವಾಯಿತೆನ್ನುವಂತಿಲ್ಲ. ದ್ರವ್ಯವು ಬಂದಿತು, ಗ್ರಂಥಿಯ ಕ್ರಿಯೆಯು ಬರಲಿಲ್ಲ. ಸ್ವಸ್ಥವಾದ ಗ್ರಂಥಿಯು ಪ್ರೇರಕದ ಕರೆಯನ್ನು ಕೇಳಿ ಬೇಕಾದಷ್ಟನ್ನು ಬೇಕಾದಾಗ ಕೊಡುತ್ತದೆ. ಮಾತ್ರೆಗೆ ಈ ಕಿವಿಯಿಲ್ಲ. ನಿನ್ನೆಯಂತೆಯೇ ಇಂದೂ ಅಷ್ಟೇ ಕೊಡುತ್ತದೆ. ಆದುದರಿಂದ ಗ್ರಂಥಿಯು ತಾನೇ ಮಾಡುತ್ತಿದ್ದ ವಿವೇಚನೆಯ ಭಾರವು ವೈದ್ಯನ ಮೇಲೂ ರೋಗಿಯ ಮೇಲೂ ಬಿದ್ದಿದೆ. ಪೂರ್ಣವಾಗಿ ಗ್ರಂಥಿಯಿಲ್ಲದ ಪ್ರಾಯಸ್ಥರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೧.೬ ಮೈಕ್ರೋಗ್ರಾಮಿನಂತೆ ಲೆಕ್ಕವಿಡುತ್ತಾರೆ, ವೃದ್ಧರಿಗೂ ಹೃದ್ರೋಗಿಗಳಿಗೂ ಬಹಳ ಕಡಮೆಯಿಂದ ಆರಂಭಿಸುತ್ತಾರೆ, ಗರ್ಭಿಣಿಯರಿಗೆ ಹೆಚ್ಚಿಸುತ್ತಾರೆ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ೭ ದಿನಗಳು ಬೇಕಾದುದರಿಂದ ಪ್ರಮಾಣವನ್ನು ಬದಲಿಸಿದ ಮೇಲೆ ಫಲವನ್ನು ಅಳೆಯಲು ಸುಮಾರು ಆರು ವಾರ ಕಾಯುತ್ತಾರೆ. ಬರಿಹೊಟ್ಟೆಯಲ್ಲಿ, ಆಹಾರಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚಿತವಾಗಿ ಸೇವಿಸಬೇಕೆಂಬುದೂ, ಕಬ್ಬಿಣ ಸುಣ್ಣಗಳ ಮಾತ್ರೆಗಳನ್ನು ಅದರೊಡನೆ ನುಂಗಬಾರದೆಂಬುದೂ ಈ ನಿತ್ಯಕರ್ಮದ ನಿಯಮಗಳು. ಇಷ್ಟೆಲ್ಲವನ್ನು ಪಾಲಿಸಿ, ರಕ್ತಪರೀಕ್ಷೆಯ ಅಂಕೆಗಳು ಸರಿಯಾಗಿದ್ದರೂ ತಮಗೆ ಹಿಂದಿನ ಲವಲವಿಕೆ ಬರಲಿಲ್ಲವೆಂದು ಹೇಳುವ ಕೆಲವರಿದ್ದಾರೆ. ಅವರಿಗೆ ಎರಡನೆಯ ಸ್ರಾವವನ್ನೂ ಕೂಡಿಸಿ ಕೊಡಬೇಕೆ ಎಂಬ ಚರ್ಚೆಯು ಇನ್ನೂ ಮುಗಿದಿಲ್ಲ. ಅವರ ಮಾತನ್ನು ಭ್ರಮೆಯೆಂದು ತಳ್ಳುವುದು ಸರಿಯಲ್ಲ. ಕೋಖರನು ತನ್ನ ರೋಗಿಗಳನ್ನು ಮರಳಿ ಕರೆದು ನೋಡದೆ ಇದ್ದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ.

ಈ ಔಷಧದ ಪರಮಪ್ರಯೋಜನವು ಕಾಣುವುದು ಶಿಶುಗಳಲ್ಲಿ. ಸುಮಾರು ಎರಡು ಸಾವಿರದಿಂದ ನಾಲ್ಕು ಸಾವಿರ ಶಿಶುಗಳಲ್ಲಿ ಒಂದು ಥೈರಾಯಿಡ್ ಸ್ರಾವದ ಕೊರತೆಯೊಡನೆ ಹುಟ್ಟುತ್ತದೆ. ಹುಟ್ಟಿದಾಗ ನೋಡುವುದಕ್ಕೆ ಆ ಶಿಶುವು ಎಲ್ಲರಂತೆಯೇ ಇರುತ್ತದೆ. ಲಕ್ಷಣಗಳು ಕಾಣುವ ಹೊತ್ತಿಗೆ ಮಿದುಳಿಗಾದ ಹಾನಿಯನ್ನು ಸರಿಪಡಿಸಲಾಗುವುದಿಲ್ಲ. ಕೆನಡಾದೇಶದ ಕ್ವಿಬೆಕ್ ಪ್ರಾಂತದಲ್ಲಿ ಜ್ಯಾ ದ್ಯುಸೋ ಎಂಬ ವೈದ್ಯನು ೧೯೭೦ರ ದಶಕದ ಮೊದಲ ಅರ್ಧದಲ್ಲಿ, ಒಣಗಿದ ರಕ್ತದ ಒಂದು ಹನಿಯಿಂದ ಈ ಕೊರತೆಯನ್ನು ಪತ್ತೆಮಾಡುವ ಕ್ರಮವನ್ನು ಆರಂಭಿಸಿದನು. ಹುಟ್ಟಿದ ಎರಡು ವಾರಗಳೊಳಗೆ ಮಾತ್ರೆಯನ್ನು ಅರೆದು ಕುಡಿಸತೊಡಗಿದರೆ ಆ ಶಿಶುವು ಇತರ ಮಕ್ಕಳಂತೆ ಬೆಳೆದು ಶಾಲೆಗೆ ಹೋಗುತ್ತದೆ. ಬರ್ನ್ ನಗರದ ಆ ಅಕ್ಕನಿಗೆ ದೊರೆಯದೆ ಹೋದುದು ಇಂದು ಇಂಥ ಶಿಶುಗಳಿಗೆ ದೊರೆಯುತ್ತಿದೆ. ಪರೀಕ್ಷೆಯು ನಡೆಯದ ಊರುಗಳಲ್ಲಿ ಇನ್ನೂ ದೊರೆಯಬೇಕಾಗಿದೆ.

ದ್ರವ್ಯಕ್ಕೆ ಪ್ರತಿನಿಧಿಯುಂಟು, ಕ್ರಿಯೆಗೆ ಇಲ್ಲವೆಂದು ಮೀಮಾಂಸಕರು ಯಜ್ಞವನ್ನು ಕುರಿತು ಹೇಳಿದುದು ದೇಹದ ವಿಷಯದಲ್ಲಿಯೂ ಹೀಗೆ ಸಂವಾದವನ್ನು ಹೊಂದುತ್ತದೆ. ಯಜಮಾನನಿಗೂ ಪ್ರತಿನಿಧಿಯಿಲ್ಲವೆಂಬುದು ಅದೇ ಪಾದದ ಮತ್ತೊಂದು ನಿರ್ಣಯ. ಮಾತ್ರೆಯನ್ನು ರಸಾಯನಜ್ಞನು ಕಟ್ಟಿಕೊಡಬಹುದು, ಪ್ರಮಾಣವನ್ನು ವೈದ್ಯನು ಹೇಳಬಹುದು. ಪ್ರತಿದಿನವೂ ಅದನ್ನು ನೆನಪಿಟ್ಟು ಸೇವಿಸತಕ್ಕವನು ಮಾತ್ರ ರೋಗಿಯೇ. ಇತ್ಯಲಮ್.